ಒಂದೊಂದೇ ತಂತಿ

ನವೆಂಬರ್ 5, ಬುಧವಾರ. ಶಹಾಪುರ, ಬೆಳಗಾವಿ

ಇವತ್ತು ಸಪ್ನಾ ಅಕ್ಕ ನನ್ನ ಗಿಟಾರಿಗೆ ಕಿಚಡಿ ಎಂದು ಹೆಸರಿಟ್ಟಳು.

ಅವಳ ಆರ್ಕೆಸ್ಟ್ರಾದ ತಾಲೀಮು ನಡೆಯುವುದು ಅನಗೋಳದಲ್ಲಿ, ಅವಳದೇ ಮನೆಯ ಮಾಳಿಗೆಯ ಮೇಲೆ. ಕಾರ್ಯಕ್ರಮದ ಮೊದಲಿಗೆ, ಜನರು ಕುರ್ಚಿ ಹಿಡಿದು ಕೂರುವ ಹಾಗೆ, ನಾವು ಒಂದು ಓಪನಿಂಗ್ ನುಡಿಸುತ್ತೇವೆ. ಹಾಡಿಲ್ಲ, ಬರೀ ವಾದ್ಯ. ಅದರ ನಡುವೆ ಗಿಟಾರಿಗೆ ಒಂದು ಓಟವಿದೆ, ಉಸಿರು ಬಿಡಲೂ ಜಾಗವಿಲ್ಲದಷ್ಟು ವೇಗದ್ದು. ನಿಧಾನಕ್ಕೆ ನುಡಿಸಿದರೆ ಚೆನ್ನಾಗಿಯೇ ಬರುತ್ತದೆ. ವೇಗ ಏರಿತೋ, ಯಾರೂ ಕರೆಯದ ತಂತಿಗಳೆಲ್ಲ ಎದ್ದು ಕೂಗುತ್ತವೆ.

“ಇದು ಓಪನಿಂಗ್ ಅಲ್ಲವ್ವಾ ಮಹೇಕ, ಕಿಚಡಿ. ಅಕ್ಕಿ ಯಾವುದು, ಬ್ಯಾಳಿ ಯಾವುದು ಗೊತ್ತಾಗವಲ್ದು,” ಎಂದಳು ಸಪ್ನಾ ಅಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ನೋಡು, ತುಳಸಿ ಲಗ್ನ ಮುಗೀತು, ಸೀಜನ್ ಶುರು. ಡಿಸೆಂಬರ್ ಏಳಕ್ಕ ಖಾನಾಪುರದಾಗ ಒಂದು ಲಗ್ನದ ಪ್ರೋಗ್ರಾಮ್ ಐತಿ. ಅವತ್ತು ಸ್ವಚ್ಛ ನುಡಿಸಿದಿ ಅಂದ್ರ ಸೀಜನ್ ಪೂರ್ತಿ ಗಿಟಾರ್ ನಿಂದು. ಇಲ್ಲಂದ್ರ ಆ ತುಣುಕು ಅನಿಕೇತ ಕೀಬೋರ್ಡ್ ಮ್ಯಾಲ ನುಡಸ್ತಾನ. ಗಿಟಾರ್ ಬ್ಯಾಡ ನಮಗ.”

ಅನಿಕೇತ ಕೀಬೋರ್ಡಿನ ಹಿಂದೆ ಕೂತು ಮೀಸೆಯಲ್ಲೇ ನಗುತ್ತಿದ್ದ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ನಗು ಮಾತ್ರ ಬಂದಿದೆ.

ನಾನೇನೂ ಹೆದರಿಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತು. ಗಿಟಾರ್ ಕೊಂಡಾಗ ತಂತಿ ಮೀಟಲು ಜೊತೆಗೆ ಬಿಟ್ಟಿ ಕೊಟ್ಟ ಪಿಕ್‌ನಲ್ಲೇ ಇನ್ನೂ ನುಡಿಸುತ್ತಿದ್ದೇನೆ. ಅಂಚು ಸವೆದು ಬಿಸ್ಕತ್ತಿನ ಹಾಗಾಗಿದೆ. ಸರಿಯಾದ ಪಿಕ್ ಆರಿಸಿಕೊಂಡರೆ ಮುಗಿಯಿತು.

ಇದನ್ನೆಲ್ಲ ಕನ್ನಡದಲ್ಲೇಕೆ ಬರೆಯುತ್ತಿದ್ದೇನೆ ಎಂದರೆ, ನಾನಿರುವುದು ಜೈತುನಬೀ ಖಾಲಾನ ಮನೆಯಲ್ಲಿ. ಅಮ್ಮಿಯ ಅಕ್ಕ. ಅವಳಿಗೆ ಉರ್ದು ಓದಲು ಬರುತ್ತದೆ, ಮರಾಠಿಯೂ ಬರುತ್ತದೆ, ಕನ್ನಡ ಬರುವುದಿಲ್ಲ. ಮನೆಯಲ್ಲಿ ನಾವು ಆಡುವುದು ದಖ್ಖನಿ. ಈ ಡೈರಿಯಲ್ಲಿ ಎಲ್ಲರೂ ಕನ್ನಡ ಆಡಲಿ.

ಇನ್ನೊಂದು ಮಾತು. ಯಾರ ಹತ್ತಿರ ಕಲಿತೆ ಎಂದು ಸಪ್ನಾ ಅಕ್ಕ ಮೊದಲ ದಿನ ಕೇಳಿದಾಗ ಯೂಟ್ಯೂಬ್ ಎಂದಿದ್ದೆ. ಗಿಟಾರಿನ ಮಟ್ಟಿಗೆ ಅದು ಖರೇ. ಅಬ್ಬಾನ ಬ್ಯಾಂಜೊ ಪಾರ್ಟಿಯ ಸುದ್ದಿ ಎತ್ತಲಿಲ್ಲ. ಮೆರವಣಿಗೆಯ ಬ್ಯಾಂಜೊಗೆ ಅನಿಕೇತ ‘ಡಬ್ಬಿ ಬಡಿಯೋದು’ ಅನ್ನುತ್ತಾನೆ. ಅಂಥವನ ಮುಂದೆ ನಾನೇಕೆ ಹೇಳಲಿ?

ನವೆಂಬರ್ 7, ಶುಕ್ರವಾರ

ನಾನು ಕೆಲಸ ಮಾಡುವುದು ಖಡೇಬಜಾರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ, ಸೀರೆಗೆ ಹೊಂದುವ ಬ್ಲೌಸ್ ಪೀಸ್ ಕೊಡುವುದು. ಹೆಂಗಸರು ಒಂದೇ ಗಿಳಿಹಸಿರಿನ ಬಟ್ಟೆಯ ಥಾನುಗಳನ್ನೆಲ್ಲ ಬಿಚ್ಚಿಸಿ, ಬಾಗಿಲ ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ ಮೊದಲು ತೋರಿಸಿದ್ದನ್ನೇ ಒಯ್ಯುತ್ತಾರೆ. ಒಳಗೊಳಗೇ ಬೈದುಕೊಳ್ಳುತ್ತೇನೆ. ಇವತ್ತು ವಾದ್ಯದ ಅಂಗಡಿಯಲ್ಲಿ ನಾನೇ ಆ ಹೆಂಗಸಾಗಿದ್ದೆ.

ಗಾಜಿನ ಬರಣಿಯ ತುಂಬ ಪಿಕ್‌ಗಳು, ಪೆಪ್ಪರಮಿಂಟಿನ ಹಾಗೆ. ತೆಳು, ದಪ್ಪ, ದುಂಡು ಮೂತಿಯದು, ಚೂಪು ಮೂತಿಯದು.

“ತಂಗೀ, ಎಲ್ಲಾ ಒಂದ ಇರತಾವ. ಕಣ್ಣು ಮುಚ್ಚಿ ಒಂದು ತಗೋ,” ಎಂದ ಅಂಗಡಿಯವ.

“ನೀವು ಕಣ್ಣು ಮುಚ್ಚಿ ಮಾರ್ರಿ, ನಾ ಕಣ್ಣು ತೆರದ ತಗೋತೀನಿ,” ಎಂದೆ.

ಅವನು ಚಹಾ ಕುಡಿಯಲು ಹೊರಗೆ ಹೋದ. ಒಳ್ಳೆಯದೇ ಆಯಿತು. ಅಂಗಡಿಯ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೂ ಪರೀಕ್ಷೆ ಮಾಡಿದೆ. ಎಲ್ಲಕ್ಕಿಂತ ತೆಳುವಿನದು, ನೈಲಾನಿನದು, ತಂತಿಯನ್ನು ತಾಗಿದರೂ ತಾಗದ ಹಾಗೆ ಜಾರಿ ಹೋಗುತ್ತದೆ. ತಡೆಯೇ ಇಲ್ಲ. ತಡೆ ಇಲ್ಲ ಅಂದರೆ ವೇಗ. ಇಷ್ಟು ಸರಳ. ಅದನ್ನೇ ತಂದಿದ್ದೇನೆ, ಇರಲಿ ಎಂದು ಬೇರೆ ಬೇರೆಯವೂ ಒಂದು ಪಾಕೀಟು. ಇನ್ನು ರವಿವಾರ ಅನಿಕೇತನ ಮುಖ ನೋಡುವುದೊಂದೇ ಬಾಕಿ.

ನವೆಂಬರ್ 9, ರವಿವಾರ

ಅನಿಕೇತನ ಮುಖ ನೋಡಿದೆ. ಬಹಳ ಖುಷಿಯಲ್ಲಿತ್ತು, ಹಾಳಾದವನದು.

ತೆಳು ಪಿಕ್ ಬಾಗುತ್ತದೆ. ಬಾಗಿದ್ದು ಮತ್ತೆ ನೆಟ್ಟಗಾಗುವಷ್ಟರಲ್ಲಿ ಮುಂದಿನ ಸ್ವರ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಅದರ ಮೇಲೆ ಸ್ಪೀಕರಿನಲ್ಲಿ ಟಪಟಪ ಸದ್ದು ಬೇರೆ.

“ಹಿಂದ ಯಾರೋ ಇಸ್ಪೀಟ್ ಎಲಿ ಕಲಸಾಕತ್ತಾರ ನೋಡ್ರಿ ಅಕ್ಕಾ,” ಎಂದ ಅನಿಕೇತ.

ಎಲ್ಲರೂ ನಕ್ಕರು. ಸಪ್ನಾ ಅಕ್ಕ ನಗಲಿಲ್ಲ. ಅವಳೂ ನಕ್ಕಿದ್ದರೆ ನನಗೆ ಇಷ್ಟು ಚುರುಕ್ ಅನ್ನುತ್ತಿರಲಿಲ್ಲ. ಪಿಕ್ಕನ್ನು ಮಾಳಿಗೆಯ ಮೇಲಿಂದ ರಸ್ತೆಗೆ ಎಸೆದು ಬಂದೆ.

ನವೆಂಬರ್ 13, ಗುರುವಾರ

ತೆಳುವಿನದು ತಪ್ಪು ಅಂದಮೇಲೆ ದಪ್ಪದ್ದು ಸರಿಯಿರಬೇಕು. ಒಂದೂವರೆ ಮಿಲಿಮೀಟರ್ ದಪ್ಪದ್ದು, ಒಂಚೂರೂ ಬಾಗುವುದಿಲ್ಲ. ಮೂರು ದಿನದಿಂದ ಅದರ ಮೇಲೆ ಸಾಧನೆ ನಡೆದಿದೆ.

ಖಾಲಾನ ಮನೆಯ ಗೋಡೆಯ ಆಚೆ ಪವರ್‌ಲೂಮ್ ಇದೆ. ನಸುಕಿನಿಂದ ರಾತ್ರಿಯ ತನಕ ಖಟಾಖಟ್ ಖಟಾಖಟ್. ಬೇರೆ ಊರಿನವರು ಬಂದರೆ ತಲೆ ಹಿಡಿದುಕೊಳ್ಳುತ್ತಾರೆ. ನನಗೆ ಅದೇ ತಾಳ. ಒಮ್ಮೆಯೂ ಓಡುವುದಿಲ್ಲ, ಎಳೆಯುವುದಿಲ್ಲ, ಕರೆಂಟ್ ಹೋದರೆ ಮಾತ್ರ ನಿಲ್ಲುತ್ತದೆ. ಮೇಲಾಗಿ ನಾನೆಷ್ಟು ತಪ್ಪು ನುಡಿಸಿದರೂ ಓಣಿಗೆ ಕೇಳಿಸುವುದಿಲ್ಲ.

ಖಾಲಾ ಅದೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾಳೆ. ಚರಕದ ಮುಂದೆ ಕೂತು ನನ್ನ ಪಾಕೀಟಿನ ಪಿಕ್‌ಗಳನ್ನು ನೆಲದ ಮೇಲೆ ಸುರುವಿ ನೋಡಿದಳು.

“ಬಜಾಯಿಸಾಕ ತಂದಿಯೋ, ಕುಬಸಕ್ಕ ಗುಂಡಿ ಹಚ್ಚಾಕ ತಂದಿಯೋ?”

“ಖಾಲಾ, ಇದರಾಗ ಒಂದು ನನ್ನ ನಸೀಬ ಅದ.”

“ನಸೀಬ ಇಷ್ಟು ಸಣ್ಣದು ಇರತದೇನು!” ಎಂದು ಮತ್ತೆ ಚರಕ ತಿರುಗಿಸಿದಳು.

ದಪ್ಪ ಪಿಕ್‌ನಿಂದ ಸ್ವರ ಗಟ್ಟಿಯಾಯಿತು, ಒಪ್ಪುತ್ತೇನೆ. ಆದರೆ ಪಕ್ಕದ ತಂತಿಗಳ ಕೂಗೂ ಗಟ್ಟಿಯಾಯಿತು. ಈಗ ನನಗೆ ಅನ್ನಿಸುವುದು, ದಪ್ಪದಲ್ಲಿ ತಪ್ಪಿಲ್ಲ, ಆಕಾರದಲ್ಲಿದೆ. ಮೂತಿ ಇನ್ನೂ ಚೂಪಾಗಿರಬೇಕು. ಹತ್ತಿರ ಬಂದಿದ್ದೇನೆ.

ನವೆಂಬರ್ 16, ರವಿವಾರ. ಖಾನಾಪುರ

ಅಂಗಡಿಗೆ ರಜೆ, ತಾಲೀಮೂ ಇಲ್ಲ. ಬೆಳಗ್ಗೆ ಬಸ್ಸು ಹತ್ತಿ ಮನೆಗೆ ಬಂದೆ. ಅಮ್ಮಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅಬ್ಬಾ ಒಳಗೆ ಬ್ಯಾಂಜೊದ ತಂತಿಗೆ ಸುರ ಕೂಡಿಸುತ್ತಿದ್ದರು.

ಅಬ್ಬಾ ಅಂದರೆ ಊರಿಗೆಲ್ಲ ಮೌಲಾಸಾಬ. ಮೌಲಾಸಾಬನ ಬ್ಯಾಂಜೊಗೆ ಈ ತಾಲೂಕಿನಲ್ಲಿ ಗಣಪತಿ, ಉರುಸು, ಲಗ್ನ ಯಾವುದರ ಮೆರವಣಿಗೆಯೂ ತಪ್ಪುತ್ತಿರಲಿಲ್ಲ. ಈಗ ಡಿಜೆ ಬಂದು ಕೆಲಸ ಅರ್ಧಕ್ಕೆ ಬಂದಿದೆ. ಬ್ಯಾಂಜೊ ಅಂದರೆ ಒಂದು ಕಟ್ಟಿಗೆಯ ಪೆಟ್ಟಿಗೆ, ಎಡಗೈಯಲ್ಲಿ ಒತ್ತಲು ಟೈಪ್‌ರೈಟರಿನಂಥ ಗುಂಡಿಗಳು, ಬಲಗೈಯಲ್ಲಿ ತಂತಿ ಬಾರಿಸುವುದು. ನಾನು ಓದುವುದಕ್ಕಿಂತ ಮೊದಲು ಇದನ್ನು ಕಲಿತೆ, ಹಿಂದಿನ ಖೋಲಿಯಲ್ಲಿ. ಹುಡುಗಿ ಮೆರವಣಿಗೆಯ ಮುಂದೆ ನಡೆಯುವುದಿಲ್ಲವಲ್ಲ, ಆದ್ದರಿಂದ ಓಣಿಗೆ ಕೇಳಿಸದ ಹಾಗೆ ಅದರ ಸ್ಪೀಕರ್ ಬಂದ್ ಮಾಡಿ ಕೊಡುತ್ತಿದ್ದರು. ಸ್ಪೀಕರ್ ಇಲ್ಲದ ಬ್ಯಾಂಜೊ ನನ್ನ ಕಿವಿಗೇ ಕೇಳಬೇಕೆಂದರೆ ಎಷ್ಟು ಜೋರು ಬಾರಿಸಬೇಕು ಎಂದು ನನಗೇ ಗೊತ್ತು.

ನನ್ನ ದಪ್ಪ ಪಿಕ್ ತೆಗೆದುಕೊಂಡು ಅಬ್ಬಾ ಒಂದು ಸಲ ತಂತಿಯ ಮೇಲೆ ಎಳೆದು ನೋಡಿದರು.

“ಇದು ಪಿಕ್ಕಲ್ಲ ಬೇಟಾ, ಹಂಚಿನ ಚೂರು. ತಂತಿ ಹರೀತದ.”

ಹಾಗೆಂದವರು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕತ್ತರಿಸಿ, ಅಂಚನ್ನು ನೆಲದ ಫರಸಿಗೆ ತಿಕ್ಕಿ ನುಣುಪು ಮಾಡಿ ನನಗೊಂದು ಮೆತ್ತನೆಯ ಪಿಕ್ ಮಾಡಿಕೊಟ್ಟರು. ಅವರು ಹುಟ್ಟಿದಾಗಿನಿಂದ ನುಡಿಸುವುದು ಇಂಥದ್ದರಲ್ಲೇ. ಗಿಟಾರಿಗೆ ಇದು ಏನಕ್ಕೂ ಬಾರದು. ಹೇಳಲು ಹೋಗಲಿಲ್ಲ, ಪರ್ಸಿನಲ್ಲಿ ಹಾಕಿಕೊಂಡೆ.

“ನಿನ್ನ ಪ್ರೋಗ್ರಾಮ್ ಯಾವಾಗ ಅದ? ಒಮ್ಮಿ ಕೇಳಾಕ ಬರಬೇಕಂತೀನಿ,” ಎಂದರು.

“ಬೆಳಗಾವಿದಾಗ ಅದ ಅಬ್ಬಾ. ಮುಗಿಯೂದು ಹೊತ್ತಾಗತದ, ನಿಮಗ ಹೊಳ್ಳಿ ಬರಾಕ ಬಸ್ ಸಿಗಂಗಿಲ್ಲ.”

ಖಾನಾಪುರದಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರದ ಮಂಗಲ ಕಾರ್ಯಾಲಯದಲ್ಲೇ ಎಂದಿದ್ದರೆ ಅಬ್ಬಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಬಂದವರಿಗೆಲ್ಲ ಆಕಿ ನನ್ನ ಮಗಳು ಅನ್ನುತ್ತಿದ್ದರು. ಅದು ಆಮೇಲೆ ಅನಿಕೇತನ ಕಿವಿಗೆ ಬೀಳುತ್ತಿತ್ತು. ಪರೀಕ್ಷೆಯ ದಿನ ನನಗೆ ಅದೆಲ್ಲ ಬೇಡ. ಸ್ವಲ್ಪ ಸುಳ್ಳು ಹೇಳಿದರೆ ಯಾರ ಮನೆಯೂ ಮುಳುಗುವುದಿಲ್ಲ.

ನವೆಂಬರ್ 20, ಗುರುವಾರ

ಅನಿಕೇತ ನಮ್ಮ ತಾಲೀಮಿನ ರೀಲ್ ಮಾಡಿ ಹಾಕಿದ್ದಾನೆ. ಜಾಣತನ ಮಾಡಿ ನಮ್ಮ ವಾದ್ಯದ ಸದ್ದು ತೆಗೆದು ಮೇಲೆ ಯಾವುದೋ ಸಿನಿಮಾ ಹಾಡು ಹಚ್ಚಿದ್ದಾನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನೋಡಿದೆ. ಸದ್ದು ನನ್ನದಲ್ಲದ್ದರಿಂದ ಕಣ್ಣು ಕೈಯ ಮೇಲೆ ಬಿತ್ತು.

ಬೆರಳು ಸರಿಯಾಗಿವೆ. ಎಡಗೈ ಸರಿಯಾಗಿದೆ. ಬಲಗೈ ಮಾತ್ರ ಭುಜದಿಂದ ಹೊರಟು, ಮೊಳಕೈಯನ್ನು ಎಳೆದುಕೊಂಡು, ಗಿಟಾರಿನ ಮೇಲಿಂದ ಕೆಳಗೆ ಕೆಳಗಿನಿಂದ ಮೇಲೆ ಬೀಸುತ್ತಿದೆ. ಜೋಳ ಕೇರಿದ ಹಾಗೆ. ಇದನ್ನು ಎಲ್ಲಿ ನೋಡಿದ್ದೇನೆ ಎಂದು ಬಹಳ ಯೋಚಿಸಬೇಕಾಗಲಿಲ್ಲ. ಅದು ಅಬ್ಬಾನ ಕೈ. ಗಣಪತಿಯ ಮುಂದೆ, ವರನ ಕುದುರೆಯ ಮುಂದೆ, ಹಾಗೇ.

ಬ್ಯಾಂಜೊದಲ್ಲಿ ಸ್ವರ ಬದಲಿಸುವುದು ಎಡಗೈಯ ಗುಂಡಿ. ಬಾರಿಸುವ ತಂತಿಗಳೆಲ್ಲ ಒಂದೇ ಸ್ವರಕ್ಕೆ ಕೂಡಿರುತ್ತವೆ, ಎಲ್ಲವನ್ನೂ ಒಟ್ಟಿಗೆ ಹೊಡೆಯಬೇಕು. ಎಷ್ಟು ಅಗಲ ಬೀಸಿದರೆ ಅಷ್ಟು ತುಂಬಿದ ಸದ್ದು. ಗಿಟಾರಿನಲ್ಲಿ ಒಂದೊಂದು ತಂತಿಯದು ಒಂದೊಂದು ಸ್ವರ. ಅಲ್ಲಿ ಹಾಗೆ ಬೀಸಿದರೆ ಕಿಚಡಿಯಲ್ಲದೆ ಮತ್ತೇನು ಆಗುತ್ತದೆ? ನಿಧಾನಕ್ಕೆ ನುಡಿಸುವಾಗ ಕೈ ನನ್ನ ಮಾತು ಕೇಳುತ್ತದೆ. ವೇಗ ಬಂದ ಕೂಡಲೇ ಅಬ್ಬಾನ ಕೈಯಾಗಿಬಿಡುತ್ತದೆ.

ಪಾಪ, ಇಷ್ಟು ದಿನ ಪಿಕ್‌ಗಳಿಗೆ ಬೈದೆ. ಇರಲಿ. ಗೊತ್ತಾಯಿತಲ್ಲ, ಸರಿಮಾಡುತ್ತೇನೆ. ಇನ್ನೂ ದಿನಗಳಿವೆ.

ನವೆಂಬರ್ 21, ಶುಕ್ರವಾರ

ಮಣಿಕಟ್ಟು ಮಾತ್ರ ಆಡಬೇಕು, ಮೊಳಕೈ ಅಲ್ಲಾಡಬಾರದು. ಬರೆಯಲು ಎಷ್ಟು ಸುಲಭ. ನಿನ್ನೆಯಷ್ಟೇ ಮೊದಲ ಸಲ ಗಿಟಾರ್ ಹಿಡಿದವಳ ಹಾಗೆ ನುಡಿಸುತ್ತಿದ್ದೇನೆ. ಇವತ್ತು ಇಷ್ಟೇ.

ನವೆಂಬರ್ 23, ರವಿವಾರ

ತಾಲೀಮಿನಲ್ಲಿ ಸಪ್ನಾ ಅಕ್ಕ ಓಪನಿಂಗ್‌ನ ಓಟವನ್ನು ಅನಿಕೇತನಿಗೆ ಒಮ್ಮೆ ನುಡಿಸಲು ಹೇಳಿ ನೋಡಿದಳು. “ಸುಮ್ನ, ತಯಾರಿರಲಿ ಅಂತ,” ಎಂದಳು. ಅವನು ಚೆನ್ನಾಗಿಯೇ ನುಡಿಸಿದ. ಈ ಸಲ ಅವನು ನಗಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಮನೆಗೆ ಬಂದು ಅಬ್ಬಾಗೆ ಫೋನ್ ಹಚ್ಚಿದೆ. ಏನು ಹೇಳಬೇಕೆಂದು ಹಚ್ಚಿದೆನೋ, ಬಾಯಿಂದ ಬಂದದ್ದು ಬೇರೆ.

“ನಿಮ್ಮ ಕೈ ನನಗ ಬಂದದ ಅಬ್ಬಾ. ಭುಜದಿಂದ ಬೀಸೂ ಕೈ. ಅದರ ಸಲುವಾಗೇ ನಾ ಕೆಟ್ಟೆ. ನನಗ ಆ ಕೈ ಬ್ಯಾಡ.”

 ಅಬ್ಬಾ “ಹೂಂ” ಎಂದಷ್ಟೇ ಹೇಳಿ ಫೋನನ್ನು ಅಮ್ಮಿಗೆ ಕೊಟ್ಟರು. ಅಮ್ಮಿ ಊಟ ಆಯಿತೇ, ಖಾಲಾನ ಕೆಮ್ಮು ಹೇಗಿದೆ ಎಂದೆಲ್ಲ ಕೇಳಿದಳು. ಅಬ್ಬಾ ಮತ್ತೆ ಫೋನಿಗೆ ಬರಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅವರಿಗೆ ಬೇಸರ ಆಗಿದ್ದರೆ ನಾಳೆ ಸರಿಹೋಗುತ್ತದೆ. ಅಬ್ಬಾ ಮುನಿಸು ಇಟ್ಟುಕೊಳ್ಳುವ ಮನುಷ್ಯ ಅಲ್ಲ.

ನವೆಂಬರ್ 27, ಗುರುವಾರ

ಖಾಲಾ ನನ್ನನ್ನು ಕಟ್ಟಿಹಾಕಿದಳು, ನಿಜವಾಗಿಯೂ.

ಮೊನ್ನೆ ನಾನು ನುಡಿಸುತ್ತಿದ್ದಾಗ ಮೊಳಕೈ ಏಳುವುದನ್ನು ಕಂಡು, “ಇದಕ್ಕ ಇಷ್ಟ್ಯಾಕ ಪೇಚಾಡ್ತಿ?” ಎಂದಳು. ನನ್ನದೇ ಓಢಣಿ ತೆಗೆದುಕೊಂಡು ಮೊಳಕೈಯನ್ನು ಪಕ್ಕೆಗೆ ಸೇರಿಸಿ ಸೊಂಟದ ಸುತ್ತ ಬಿಗಿದು ಗಂಟು ಹಾಕಿದಳು. ಕಟ್ಟಿದ ಮೇಲೆ ಅಲ್ಲಾಡಲು ಉಳಿದದ್ದು ಮಣಿಕಟ್ಟು ಒಂದೇ. ಮೊದಲ ದಿನ ಅಳುವೇ ಬಂತು. ಮಗ್ಗ ಒಂದು ಸಲ ಖಟ್ ಎಂದರೆ ಒಂದು ಸ್ವರ, ಅಷ್ಟೇ ನಿಧಾನ. ಎರಡನೆಯ ದಿನ ಖಟ್ ಎಂದರೆ ಎರಡು. ಇವತ್ತು ನಾಲ್ಕು ಬಂತು, ನಾಲ್ಕೂ ಬೇರೆ ಬೇರೆಯಾಗಿ ಕೇಳಿಸಿದವು. ಬಾಗಿಲಿಗೆ ಬಂದ ಹಾಲಿನವನು ನನ್ನ ಅವತಾರ ನೋಡಿ ಹಾಲು ಚೆಲ್ಲಿದ.

ಪಿಕ್ ಈಗ ತಾನಾಗಿಯೇ ಆಯ್ಕೆಯಾಯಿತು. ಕೈ ಸಣ್ಣಗೆ ಆಡುವಾಗ ದೊಡ್ಡ ಪಿಕ್ ಅಡ್ಡ ಬರುತ್ತದೆ. ಪಾಕೀಟಿನ ತಳದಲ್ಲಿ ಒಂದು ಪುಟ್ಟದಿತ್ತು, ಒಂದು ಮಿಲಿಮೀಟರ್ ದಪ್ಪ, ಚೂಪು ಮೂತಿ. ಅದನ್ನು ಬೆರಳುಗಳ ನಡುವೆ ಒಳಗೆ ಹಿಡಿದು ಅಕ್ಕಿಕಾಳಿನಷ್ಟು ಮೂತಿ ಮಾತ್ರ ಹೊರಗೆ ಬಿಡಬೇಕು. ತಂತಿಗೆ ಚಪ್ಪಟೆಯಾಗಿ ಹೊಡೆಯದೆ ಸ್ವಲ್ಪ ಓರೆ ಹಿಡಿಯಬೇಕು. ಆಗ ತಂತಿಯೊಳಗೆ ಸಿಕ್ಕಿಕೊಳ್ಳುವುದಿಲ್ಲ, ಜಾರಿ ದಾಟುತ್ತದೆ. ಅಂಗಡಿಯಲ್ಲಿ ಇದನ್ನು ಮಕ್ಕಳದು ಎಂದು ಬದಿಗಿಟ್ಟಿದ್ದೆ. ಆಗಿನ ನನ್ನ ಕೈಗೆ ಇದು ಸಿಕ್ಕಿದ್ದರೂ ಉಪಯೋಗ ಇರಲಿಲ್ಲ.

ಅಬ್ಬಾನ ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ಸಾಧನೆಯಲ್ಲಿ ಹೊತ್ತು ಸಿಗುತ್ತಿಲ್ಲ.

ಡಿಸೆಂಬರ್ 3, ಬುಧವಾರ

ಬಂತು! ಓಢಣಿ ಇಲ್ಲದೆ, ಪೂರ್ತಿ ವೇಗದಲ್ಲಿ, ಎಲ್ಲರ ಜೊತೆ, ಒಂದೊಂದು ಸ್ವರವೂ ಎಣಿಸುವ ಹಾಗೆ. ಮುಗಿದ ಮೇಲೆ ಅನಿಕೇತ ಕೀಬೋರ್ಡಿನಿಂದ ಕೈ ತೆಗೆದು ಎರಡೂ ಮೇಲಕ್ಕೆತ್ತಿದ.

“ನಾ ಶರಣು ಮಾರಾಯ್ತಿ. ಯಾವ ಪಿಕ್ ಇದು? ಎಲ್ಲೆ ಸಿಗತೈತಿ?”

“ಪಿಕ್ ಅಂಗಡ್ಯಾಗ ಸಿಗತದ. ಕೈ ಸಿಗಂಗಿಲ್ಲ,” ಎಂದೆ.

ಸಪ್ನಾ ಅಕ್ಕ ಮಾತ್ರ, “ಮನ್ಯಾಗ ಎಲ್ಲಾರೂ ನುಡಸ್ತಾರ. ರವಿವಾರ ಮಂದಿ ಮುಂದ ನೋಡೂಣು,” ಎಂದು ಚಹಾ ಮಾಡಲು ಎದ್ದಳು. ಅವಳ ಮಾತೂ ಸರಿ. ವೇಗ ಏರಿದಾಗ ಹಳೆಯ ಕೈ ಎಲ್ಲಿಂದ ಎದ್ದು ಬರುತ್ತದೋ ಹೇಳಲಾಗದು.

ಚಹಾ ಕುಡಿಯುವಾಗ ಅನಿಕೇತ ರವಿವಾರದ ಸುದ್ದಿ ಹೇಳುತ್ತ, ವರನ ಕಡೆಯವರು ಡಿಜೆ ಬಿಟ್ಟು ಯಾವನೋ ಡಬ್ಬಿ ಬಡಿಯುವವನನ್ನು ಗೊತ್ತುಮಾಡಿದ್ದಾರಂತೆ ಎಂದ. ಒಂದು ಇಡೀ ಊರನ್ನು ನಡುಬೀದಿಯಲ್ಲಿ ಕುಣಿಸುವಷ್ಟು ತಾಕತ್ತು ನಿನ್ನ ಕೀಬೋರ್ಡಿಗೆ ಇದೆಯೇನು, ಕರೆಂಟ್ ಹೋದರೆ ಅದು ಕಟ್ಟಿಗೆಯ ಹಲಗೆ ಎಂದು ಸರಿಯಾಗಿ ಝಾಡಿಸಿದೆ. ಅವನು ಬಿಟ್ಟಕಣ್ಣು ಬಿಟ್ಟು ನೋಡಿದ. ಅಷ್ಟು ಸಿಟ್ಟು ಯಾಕೆ ಬಂತೋ. ನಿದ್ದೆ ಸಾಲುತ್ತಿಲ್ಲ ಅಂತ ಕಾಣುತ್ತದೆ.

ಖಾನಾಪುರದಲ್ಲಿ ಬ್ಯಾಂಜೊದವರು ಇನ್ನೂ ಬೇರೆ ಯಾರಾದರೂ ಇರಬಹುದು.

ಡಿಸೆಂಬರ್ 8, ಸೋಮವಾರ. ಖಾನಾಪುರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಅಮ್ಮಿ ಚಹಾ ಇಟ್ಟು ಹೋದಳು, ಆರಿಹೋಗಿದೆ.

ಬೇರೆ ಯಾರೂ ಇರಲಿಲ್ಲ.

ನಾವು ಕಾರ್ಯಾಲಯದ ಒಳಗೆ ವೇದಿಕೆಯ ಮೇಲೆ ವಾದ್ಯ ಜೋಡಿಸಿಕೊಂಡು ಕೂತಿದ್ದೆವು. ವರ ಪಾರಿಶ್ವಾಡದವರ ಹುಡುಗ. ಅವನ ಅಜ್ಜ, ತಮ್ಮಣ್ಣ ಎಂದು ಹೆಸರು, ತಲೆಗೆ ಪಟಗ ಸುತ್ತಿಕೊಂಡವರು ಕೋಲೂರಿಕೊಂಡು ಸಪ್ನಾ ಅಕ್ಕನ ಹತ್ತಿರ ಬಂದರು.

“ನೋಡವಾ, ನಮ್ಮ ಮನಿತನದಾಗ ಒಂದು ಪದ್ಧತಿ ಐತಿ. ಮದುಮಗ ಗೇಟ್ ದಾಟಿ ಬಂದು ಕುಂದರೂ ತನಕಾ ವಾದ್ಯ ಕಡೀಬಾರ್ದು. ಬ್ಯಾಂಜೊದವರನ್ನ ಕಾರ್ಯಾಲಯದವರು ಒಳಗ ಬಿಡಂಗಿಲ್ಲಂತ. ಅದಕ್ಕ ಅವರು ಗೇಟಿನ್ಯಾಗ ಬಿಟ್ಟಲ್ಲಿಂದ ನೀವು ಹಿಡೀರಿ. ನಡುವ ಒಂದ್ ಉಸರೂ ಸಪ್ಪಳ ನಿಂದ್ರಬಾರ್ದು.”

ಸಪ್ನಾ ಅಕ್ಕ ಹೂಂ ಎಂದಳು. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿದಳು. “ಅವರು ಯಾವ ಸುರದಾಗ ಬರತಾರೋ, ಎಲ್ಲೆ ಬಿಡತಾರೋ! ನಾವು ಹೆಂಗ ಹಿಡಿಯೂದು?”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬ್ಯಾಂಜೊ ಕೇಳಿಸಿತು.  ಆ ಬೀಸು ನೂರು ಬ್ಯಾಂಜೊದ ನಡುವೆಯೂ ನನಗೆ ಗುರುತು ಸಿಗುತ್ತದೆ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಬ್ಬಾ ಗೇಟಿನಿಂದಲೇ ಹೊರಟುಹೋಗುತ್ತಿದ್ದರು. ಆದರೆ ಸುಮ್ಮನಿದ್ದರೆ ವಾದ್ಯ ಕಡಿಯುತ್ತಿತ್ತು.

“ಕೀಬೋರ್ಡಿನ ಬಿಳಿ ಎರಡರ ಸುರ ರೀ ಅಕ್ಕಾ,” ಎಂದೆ. “ಅವರು ಯಾವಾಗಲೂ ಬಿಳಿ ಎರಡರಾಗ ಕೂಡಸ್ತಾರ. ನಮ್ಮ ಓಪನಿಂಗ್ ಬಿಳಿ ಒಂದರಾಗ ಐತಿ, ಎಲ್ಲಾರೂ ಎರಡಕ್ಕ ಏರಸ್ರಿ. ಹಾಡು ಮುಗಿಯೂ ಮುಂದ ಅವರು ಷಡ್ಜದ ಮ್ಯಾಲ ನಿಂತು ಬಹಳ ಹೊತ್ತು ಗುಂಯ್ ಅನಸ್ತಾರ. ಅದರ ಮ್ಯಾಲ ನಾ ಹತ್ತತೀನಿ.”

“ನಿನಗ ಹೆಂಗ ಗೊತ್ತು?” ಎಂದ ಅನಿಕೇತ.

“ಅವರು ನಮ್ಮ ಅಬ್ಬಾ. ನನಗ ಕಲಿಸಿದವರು.”

 ಅನಿಕೇತ ಗುಂಡಿ ಒತ್ತಿ ಸುರ ಏರಿಸಿದ. ನಾನು ಗಿಟಾರಿನ ಮೇಲೆ ಎಲ್ಲವನ್ನೂ ಎರಡು ಮನೆ ಮೇಲಕ್ಕೆ ಸರಿಸಿಕೊಂಡು ವೇದಿಕೆಯ ಅಂಚಿಗೆ ಬಂದು ನಿಂತೆ.

ಗೇಟು ತೆರೆಯಿತು. ಕುಣಿಯುವ ಹುಡುಗರು, ಧೂಳು, ನಡುವೆ ಕೊರಳಿಗೆ ಬ್ಯಾಂಜೊ ತೂಗಿಬಿಟ್ಟುಕೊಂಡ ಅಬ್ಬಾ. ತಲೆ ಎತ್ತಿ ನೋಡಿದರು. ನಾನು ಬೆಳಗಾವಿಯಲ್ಲಿದ್ದೇನೆ ಎಂದುಕೊಂಡವರು ವೇದಿಕೆಯ ಮೇಲೆ ನನ್ನನ್ನು ಕಂಡರು. ಕಣ್ಣು ಅರಳಿದವು, ಕೈ ನಿಲ್ಲಲಿಲ್ಲ. ಗೇಟಿನ ಗೆರೆಯ ಮೇಲೆ ನಿಂತು ಷಡ್ಜ ಹಿಡಿದರು. ಎಲ್ಲ ತಂತಿಗಳೂ ಒಟ್ಟಿಗೆ, ಭುಜದಿಂದ ಬೀಸಿ ಬೀಸಿ, ಒಂದೇ ಸ್ವರ. ವರ ಅವರನ್ನು ದಾಟಿ ಒಳಗೆ ಕಾಲಿಟ್ಟ. ಅಬ್ಬಾ ನನಗಾಗಿ ಹಿಡಿದುಕೊಂಡೇ ಇದ್ದರು.

ನಾನು ಅದರ ಮೇಲೆ ಹತ್ತಿದೆ. ಆ ತುಂಬಿದ ಸದ್ದಿನ ಮೇಲೆ ನನ್ನ ಸ್ವರಗಳು ಒಂದೊಂದಾಗಿ ಬಿದ್ದವು. ಓಟ ಬಂತು. ಮೊಳಕೈ ಏಳಲು ನೋಡಿತು, ಬಿಡಲಿಲ್ಲ. ಒಂದು ತಂತಿಯೂ ಕರೆಯದೆ ಕೂಗಲಿಲ್ಲ. ನಾನು ಗಟ್ಟಿಯಾಗಿ ನಿಂತೆ ಎಂದು ತಿಳಿದ ಮೇಲೆ ಅಬ್ಬಾ ಮೆಲ್ಲಗೆ ಸದ್ದು ಇಳಿಸಿ ಕೈ ಬಿಟ್ಟರು. ಎಲ್ಲಿ ಬಿಟ್ಟರೆಂದು ನನಗೂ ಗೊತ್ತಾಗಲಿಲ್ಲ. ತಮ್ಮಣ್ಣಜ್ಜ ಮೊದಲ ಸಾಲಿನಲ್ಲಿ ಕೋಲು ಕುಟ್ಟಿ ತಲೆದೂಗಿದರು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಪ್ನಾ ಅಕ್ಕ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. “ಸೀಜನ್ ನಿಂದು. ಯೂಟ್ಯೂಬ್ ಅಂತ ಯೂಟ್ಯೂಬ್!” ಅನಿಕೇತ ಆಗಲೇ ಕೆಳಗಿಳಿದು ಹೋಗಿ, ಊಟಕ್ಕೆ ಉಳಿದಿದ್ದ ಅಬ್ಬಾನ ಬ್ಯಾಂಜೊದ ಗುಂಡಿ ಒತ್ತಿ ನೋಡುತ್ತಿದ್ದ.

ವಾದ್ಯದವರ ಊಟ ಯಾವಾಗಲೂ ಕೊನೆಯ ಪಂಗತಿಯಲ್ಲಿ. ನಮ್ಮವರು ಒಂದು ಕಡೆ, ಬ್ಯಾಂಜೊದವರು ಒಂದು ಕಡೆ ಕೂತಿದ್ದರು. ನಾನು ಹೋಗಿ ಅಬ್ಬಾನ ಬಾಜೂಕ್ಕೆ ಕೂತೆ. ಬೈಯುತ್ತಾರೆ, ಸುಳ್ಳು ಯಾಕೆ ಹೇಳಿದೆ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಹುಗ್ಗಿ ಬಡಿಸಿಹೋದ ಮೇಲೆ ಅವರು ಕೇಳಿದ್ದು ಬೇರೆ.

“ಬೇಟಾ, ನಿನಗ ಭುಜ ನೋಯತದೇನು?”

“ಇಲ್ಲ ಅಬ್ಬಾ. ಈಗ ಮಣಿಕಟ್ಟಲೇ ನುಡಸ್ತೀನಿ.”

“ಕಂಡೆ. ಛಲೋ ಆತು.” ತಟ್ಟೆಯಲ್ಲಿ ಹುಗ್ಗಿ ಕಲಸುತ್ತ ಹೇಳಿದರು, “ಅವತ್ತು ಫೋನಿನ್ಯಾಗ ಅಂದ್ಯಲಾ, ನನ್ನ ಕೈ ನಿನಗ ಬಂದದ ಅಂತ. ನನಗ ಜೀವ ಝಲ್ಲಂತು. ಈ ಕೈ ಬಂದ್ರ ಈ ನೋವೂ ಬಂದಿರತದ ಅಂತ ಅಂಜಿಕಿ. ಅದಕ್ಕ ಫೋನ್ ನಿಮ್ಮ ಅಮ್ಮಿ ಕೈಯಾಗ ಕೊಟ್ಟೆ.”

ಯಾವ ನೋವು ಎಂದು ಕೇಳುವ ಮೊದಲೇ ಅದು ನನ್ನ ಕಣ್ಣಿಗೆ ಬಿತ್ತು. ಅಬ್ಬಾ ಉಣ್ಣುತ್ತಿದ್ದರು. ಬಲಗೈ ತಟ್ಟೆಯಿಂದ ಒಂದು ಗೇಣೂ ಮೇಲೇಳುತ್ತಿರಲಿಲ್ಲ. ಪ್ರತಿ ತುತ್ತಿಗೂ ತಲೆಯೇ ಕೆಳಗಿಳಿದು ಕೈಯ ಹತ್ತಿರ ಹೋಗುತ್ತಿತ್ತು. ಹೊಸದಲ್ಲ ಇದು, ಎಷ್ಟೋ ವರ್ಷದಿಂದ ಅವರು ಹೀಗೇ ಬಗ್ಗಿ ಉಣ್ಣುತ್ತಾರೆ. ಅದು ಅವರ ಊಟದ ರೀತಿ ಎಂದುಕೊಂಡು ನಾನೂ ಅಮ್ಮಿಯೂ ನಗಾಡಿದ್ದೂ ಇದೆ. ಆ ಬೀಸನ್ನು ಇಷ್ಟು ದಿನ ಅಳೆದು ನೋಡಿದವಳು ಅದರ ಬುಡದಲ್ಲಿ ಏನಿದೆ ಎಂದು ನೋಡಿರಲೇ ಇಲ್ಲ.  ಅವರ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಎದೆಯ ಮಟ್ಟಕ್ಕೆ ಹಿಡಿದೆ.

“ಏ, ಕೆಳಗಿಡು. ಮಂದಿ ನೋಡಾಕತ್ತಾರ,” ಎಂದರು ಅಬ್ಬಾ.

ನೋಡುತ್ತಿದ್ದರು. ಸಪ್ನಾ ಅಕ್ಕ, ಅನಿಕೇತ, ಬಡಿಸುವವರು, ತಮ್ಮಣ್ಣಜ್ಜ, ಎಲ್ಲರೂ.

“ನೋಡ್ಲಿ ಬಿಡ್ರಿ ಅಬ್ಬಾ. ನೀವು ಉಣ್ರಿ.”

ಅಬ್ಬಾ ಒಮ್ಮೆ ಸುತ್ತ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ತಲೆ ಬಗ್ಗಿಸದೆ ಉಂಡರು.